ಸೀಮೆಎಣ್ಣೆಯೊಳಗಿನ ಸೋಡಿಯಂ: ಲ್ಯಾಬ್ ಕಪಾಟಿನ 350 ವರ್ಷಗಳ ಕಥೆ

(1/11)
"ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಇಡುತ್ತಾರೆ. ಏಕೆ?"

ಎಸ್ಸೆಸ್ಸೆಲ್ಸಿಯಲ್ಲಿ ಇದು 1 ಅಂಕದ ಪ್ರಶ್ನೆ. "ಅದು ಗಾಳಿ ಮತ್ತು ನೀರಿನೊಂದಿಗೆ ತೀವ್ರವಾಗಿ ವರ್ತಿಸುತ್ತದೆ" ಅಂತ ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಉತ್ತರ ಸರಿ. ಆದ್ರೆ ಸೀಮೆಎಣ್ಣೆನೇ ಯಾಕೆ? ಅದನ್ನ ಮೊದಲು ಯಾರು ಕಂಡುಹಿಡಿದ್ರು? ಅದಕ್ಕೆ ಮುಂಚೆ ಏನಾಗ್ತಿತ್ತು? ಇದನ್ನ ಯಾರೂ ಕೇಳಲ್ಲ.

ಪ್ರಾಕ್ಟಿಕಲ್ ದಿನ ನಮ್ಮ ಗಮನ ಎಲ್ಲಾ ಟೆಸ್ಟ್ ಟ್ಯೂಬ್ ಮೇಲೆ. ಬಣ್ಣ ಬಂತಾ, ಪ್ರೆಸಿಪಿಟೇಟ್ ಬಂತಾ, ಸಾಲ್ಟ್ ಯಾವುದು. ಹಿಂದಿನ ಗೋಡೆಗೆ ಒರಗಿಕೊಂಡಿರೋ ಕಪಾಟನ್ನ ಯಾರೂ ನೋಡಲ್ಲ. ಆದ್ರೆ ರಸಾಯನಶಾಸ್ತ್ರದ ಇತಿಹಾಸದಲ್ಲಿ ದೊಡ್ಡ ದೊಡ್ಡ ಅನಾಹುತಗಳು ಪ್ರಯೋಗ ಮಾಡ್ತಿದ್ದಾಗ ಮಾತ್ರ ಆಗಿಲ್ಲ. ವಸ್ತು ಸುಮ್ಮನೆ "ಇಟ್ಟಿದ್ದಾಗ"ಲೂ ಆಗಿವೆ.

ಹಾಗಾಗಿ ಈ ಸರಣಿ ಕಪಾಟಿನ ಬಗ್ಗೆ. ನಾನು ಓದಿದ್ದನ್ನೆಲ್ಲ ಒಟ್ಟು ಮಾಡಿದಾಗ ನನಗೆ ಅನ್ನಿಸಿದ್ದು ಇಷ್ಟು. ತೀವ್ರವಾಗಿ ವರ್ತಿಸುವ ಯಾವುದೇ ವಸ್ತುವನ್ನ ಇಡೋವಾಗ ಐದು ಪ್ರಶ್ನೆ ಕೇಳಬೇಕು:

ಯಾವುದರಲ್ಲಿ ಇಡೋದು?
ಹೆಸರು ಬರೆದಿದೆಯಾ?
ಯಾರ ಪಕ್ಕ ಇಡೋದು?
ಎಷ್ಟು ದಿನ ಇಡೋದು?
ಇಡಲೇಬೇಕಾ?

ಈ ಐದನ್ನೂ ಯಾರೋ ಒಬ್ಬ ಜಾಣ ಒಂದೇ ದಿನ ಕೂತು ಬರೆದಿಲ್ಲ. ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಊರು, ಒಂದೊಂದು ಇಸವಿ, ಎಷ್ಟೋ ಜನರ ಕಣ್ಣು, ಕೈ, ಪ್ರಾಣ ಇವೆ. ಬನ್ನಿ, ಒಂದೊಂದಾಗಿ ನೋಡೋಣ.

(2/11) ನೀರೊಳಗೆ ಬೆಂಕಿ
ಇಸವಿ 1669, ಜರ್ಮನಿಯ ಹ್ಯಾಂಬರ್ಗ್. ಹೆನ್ನಿಗ್ ಬ್ರಾಂಡ್ ಅನ್ನೋ ರಸವಾದಿಗೆ ಚಿನ್ನ ಮಾಡೋ ಹುಚ್ಚು. ಮೂತ್ರ ಹಳದಿ, ಚಿನ್ನವೂ ಹಳದಿ, ಅಂದ್ಮೇಲೆ ಮೂತ್ರದಲ್ಲಿ ಏನಾದ್ರೂ ಇರಬೇಕು! ಬಕೆಟ್‌ಗಟ್ಟಲೆ ಮೂತ್ರ ಕುದಿಸಿ, ಇಂಗಿಸಿ, ಉಳಿದದ್ದನ್ನ ಚೆನ್ನಾಗಿ ಕಾಯಿಸಿದ. ಚಿನ್ನ ಬರಲಿಲ್ಲ. ಕತ್ತಲಲ್ಲಿ ತಾನೇ ಹೊಳೆಯೋ ಮೇಣದಂಥ ವಸ್ತು ಬಂತು. ಅದೇ ಬಿಳಿ ರಂಜಕ, ಅಂದ್ರೆ ವೈಟ್ ಫಾಸ್ಫರಸ್.

ಬ್ರಾಂಡ್ ಗುಟ್ಟನ್ನ ಮಾರಿದ. ಕ್ರಾಫ್ಟ್ ಅನ್ನೋನು ಆ ಹೊಳೆಯೋ ವಸ್ತುವನ್ನ ಹಿಡ್ಕೊಂಡು ಯುರೋಪಿನ ರಾಜರ ಆಸ್ಥಾನಗಳಲ್ಲೆಲ್ಲ ಪ್ರದರ್ಶನ ಕೊಡ್ತಾ ತಿರುಗಿದ. 1677ರಲ್ಲಿ ಲಂಡನ್‌ಗೂ ಹೋದ. ಅಲ್ಲಿ ಅದನ್ನ ನೋಡಿದವರಲ್ಲಿ ರಾಬರ್ಟ್ ಬಾಯ್ಲ್ ಒಬ್ಬರು. ಹೌದು, ನಮ್ಮ ಬಾಯ್ಲ್ ನಿಯಮದ ಬಾಯ್ಲ್ ಅವರೇ. ಕೆಲವೇ ವರ್ಷಗಳಲ್ಲಿ ಅವರೂ ಅದನ್ನ ತಯಾರಿಸಿದರು. ಅವರ ಸಹಾಯಕನಾಗಿದ್ದ ಆಂಬ್ರೋಸ್ ಗಾಡ್‌ಫ್ರೆ ಮುಂದೆ ಲಂಡನ್‌ನಲ್ಲೇ ರಂಜಕ ತಯಾರಿಸಿ ಮಾರೋದನ್ನೇ ವ್ಯಾಪಾರ ಮಾಡಿಕೊಂಡ.

ಇಲ್ಲಿ ಸಮಸ್ಯೆ ಶುರು. ನೋಡೋಕೆ ಮೇಣದ ತುಂಡು. ಆದ್ರೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಆದ್ರೆ ಸಾಕು, ಗಾಳಿಯಲ್ಲಿ ತಾನಾಗೇ ಹೊತ್ತಿಕೊಳ್ಳುತ್ತೆ. ಹ್ಯಾಂಬರ್ಗ್‌ನ ಚಳಿಗೆ ಹೇಗೋ ನಡೀತು. ಅದನ್ನೇ ಏಪ್ರಿಲ್‌ನಲ್ಲಿ ರಾಯಚೂರಿಗೋ ಕಲಬುರಗಿಗೋ ತಂದು ಬರೀ ತಟ್ಟೆಯಲ್ಲಿಟ್ಟರೆ? ಬೆಂಕಿಕಡ್ಡಿ ಗೀಚೋ ಅಗತ್ಯವೇ ಇಲ್ಲ.

ಪರಿಹಾರ ತುಂಬಾ ಸರಳ: ನೀರಲ್ಲಿ ಮುಳುಗಿಸಿಡೋದು. ರಂಜಕ ನೀರಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತೆ. ನೀರಿನ ಜೊತೆ ವರ್ತಿಸಲ್ಲ. ಗಾಳಿ ಅದನ್ನ ಮುಟ್ಟಲ್ಲ. ಬೆಂಕಿಯನ್ನ ನೀರೊಳಗೆ ಜೋಪಾನ ಮಾಡೋ ಈ ಪದ್ಧತಿ ಇವತ್ತಿಗೂ ಹಾಗೇ ಇದೆ.

ಆದ್ರೆ ಇದೇ ಉಪಾಯ ಎಲ್ಲದಕ್ಕೂ ಆಗುತ್ತಾ? ಮುಂದೆ ನೋಡಿ.

(3/11) ನೀರನ್ನ ಕಂಡ್ರೆ ಆಗದ ಲೋಹ
ಅಕ್ಟೋಬರ್ 1807, ಲಂಡನ್‌ನ ರಾಯಲ್ ಇನ್ಸ್‌ಟಿಟ್ಯೂಷನ್. ಹಂಫ್ರಿ ಡೇವಿಗೆ ಆಗ 28 ವರ್ಷ. ಕರಗಿದ ಪೊಟ್ಯಾಷ್ ಒಳಗೆ ದೊಡ್ಡ ಬ್ಯಾಟರಿಯಿಂದ ವಿದ್ಯುತ್ ಹರಿಸಿದ. ಪಾದರಸದ ಹನಿಗಳಂಥ ಸಣ್ಣ ಸಣ್ಣ ಉಂಡೆಗಳು ಹೊರಬಂದವು. ಕೆಲವು ಹೊರಬಂದ ಕೂಡಲೇ ಧಗ್ ಅಂತ ಉರಿದುಹೋದವು. ಖುಷಿಗೆ ಡೇವಿ ಲ್ಯಾಬ್ ತುಂಬಾ ಕುಣಿದಾಡಿದ ಅಂತ ಅವನ ಸಂಬಂಧಿ ಎಡ್ಮಂಡ್ ಡೇವಿ ಹೇಳಿದ್ದಾನೆ. ಹೀಗೆ ಪೊಟ್ಯಾಸಿಯಂ ಸಿಕ್ತು. ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ.

ಸಿಕ್ಕಿದ್ದೇನೋ ಸರಿ, ಇಡೋದೆಲ್ಲಿ? ಗಾಳಿಯಲ್ಲಿಟ್ಟರೆ ಹೊಳಪು ಹೋಗಿ ಬೂದಿ ಬಣ್ಣ. ನೀರಲ್ಲಿಟ್ಟರೆ ನೇರಳೆ ಜ್ವಾಲೆ. ರಂಜಕಕ್ಕೆ ಆಶ್ರಯ ಕೊಟ್ಟ ಅದೇ ನೀರು ಪೊಟ್ಯಾಸಿಯಂಗೆ ಬೆಂಕಿ! ಡೇವಿ ಬೇರೆ ಬೇರೆ ದ್ರವಗಳನ್ನ ಪರೀಕ್ಷೆ ಮಾಡಿ ಕೊನೆಗೆ ಆರಿಸಿದ್ದು ಆಗತಾನೆ ಬಟ್ಟಿ ಇಳಿಸಿದ ನ್ಯಾಫ್ತಾ. ಅದೇ ನವೆಂಬರ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ, ಇದರಲ್ಲಿ ಲೋಹವನ್ನ ಎಷ್ಟೋ ದಿನ ಕೆಡದಂತೆ ಇಡಬಹುದು ಅಂತ ವಿವರಿಸಿದ.

ಯಾಕೆ ನ್ಯಾಫ್ತಾ? ಅದರಲ್ಲಿರೋದು ಹೆಚ್ಚುಕಡಿಮೆ ಇಂಗಾಲ ಮತ್ತು ಹೈಡ್ರೋಜನ್ ಮಾತ್ರ. ಕಸಿದುಕೊಳ್ಳೋಕೆ ಆಕ್ಸಿಜನ್ ಇಲ್ಲ. "ಆಗತಾನೆ ಬಟ್ಟಿ ಇಳಿಸಿದ" ಅನ್ನೋದೂ ಮುಖ್ಯ, ಹಳೆಯದಾದ್ರೆ ಅದರೊಳಗೆ ಗಾಳಿ, ತೇವ ಸೇರಿರುತ್ತೆ. ನಮ್ಮ ಲ್ಯಾಬಿನ ಸೀಮೆಎಣ್ಣೆ ಇದೇ ನ್ಯಾಫ್ತಾದ ದಾಯಾದಿ. ಅಂದ್ರೆ ನಮ್ಮ 1 ಅಂಕದ ಉತ್ತರಕ್ಕೆ 200 ವರ್ಷ ದಾಟಿದೆ.

ಮರುವರ್ಷ, 1808ರಲ್ಲಿ, ಪ್ಯಾರಿಸ್‌ನಲ್ಲಿ ಗೇ-ಲುಸಾಕ್ ಪೊಟ್ಯಾಸಿಯಂ ಜೊತೆ ಕೆಲಸ ಮಾಡ್ತಿದ್ದಾಗ ಸ್ಫೋಟ ಆಗಿ, ಅವನ ಕಣ್ಣೇ ಹೋಗೋದರಲ್ಲಿತ್ತು. ಅನಿಲಗಳ ನಿಯಮದಲ್ಲಿ ಹೆಸರು ಓದ್ತೀವಲ್ಲ, ಅದೇ ಗೇ-ಲುಸಾಕ್.

(4/11) ಗಾಜನ್ನೇ ತಿನ್ನೋ ಆಮ್ಲ
ಮೊದಲ ಪ್ರಶ್ನೆ ಇನ್ನೂ ಮುಗಿದಿಲ್ಲ. "ಯಾವುದರಲ್ಲಿ" ಅಂದ್ರೆ ಒಳಗಿನ ದ್ರವ ಮಾತ್ರ ಅಲ್ವಲ್ಲ, ಬಾಟಲಿಯೂ ಸೇರುತ್ತೆ.

ಲಿಥಿಯಂ ನೋಡಿ. ಅದೂ ಸೋಡಿಯಂನ ಕುಟುಂಬದ್ದೇ, ಸೀಮೆಎಣ್ಣೆಗೆ ಹಾಕಿದ್ರೆ ಆಯ್ತು ಅನ್ಕೋತೀವಿ. ಆದ್ರೆ ಲಿಥಿಯಂ ಎಷ್ಟು ಹಗುರ ಅಂದ್ರೆ (ಸಾಂದ್ರತೆ 0.53) ಸೀಮೆಎಣ್ಣೆಯ ಮೇಲೂ ತೇಲಿಬಿಡುತ್ತೆ! ಮೇಲಿನ ಮೈ ಗಾಳಿಗೆ ತೆರೆದೇ ಇರುತ್ತೆ. ಅದಕ್ಕೇ ಅದನ್ನ ವ್ಯಾಸಲೀನ್ ಅಥವಾ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿಡೋದು. ಸೀಸಿಯಂಗೆ ಇದ್ಯಾವುದೂ ಸಾಲದು. ಗಾಜಿನ ಆಂಪ್ಯೂಲ್‌ನಲ್ಲಿ, ಆರ್ಗಾನ್‌ನಂಥ ಜಡ ಅನಿಲದಲ್ಲೋ ನಿರ್ವಾತದಲ್ಲೋ ಸೀಲ್ ಮಾಡಿಡ್ತಾರೆ. ಒಂದೇ ಗುಂಪಿನ ಅಣ್ಣತಮ್ಮಂದಿರು, ಆದ್ರೆ ಹಾಸಿಗೆ ಬೇರೆ ಬೇರೆ.

ಇನ್ನು ಹೈಡ್ರೋಫ್ಲೋರಿಕ್ ಆಮ್ಲ. ಗಂಧಕಾಮ್ಲ, ನೈಟ್ರಿಕ್ ಆಮ್ಲದಂಥ ಘಟಾನುಘಟಿಗಳು ಗಾಜಿನ ಬಾಟಲಿಯಲ್ಲಿ ಸುಮ್ಮನೆ ಕೂತಿರ್ತವೆ. "ದುರ್ಬಲ ಆಮ್ಲ" ಅಂತ ಪುಸ್ತಕ ಕರೆಯೋ ಇದು ಮಾತ್ರ ಗಾಜನ್ನೇ ತಿನ್ನುತ್ತೆ, ಗಾಜಿನಲ್ಲಿರೋ ಸಿಲಿಕಾ ಜೊತೆ ವರ್ತಿಸಿ. 19ನೇ ಶತಮಾನದವರು ಇದನ್ನ ಸೀಸದ ಪಾತ್ರೆಯಲ್ಲಿ, ಒಳಗೆ ಮೇಣ ಬಳಿದ ಬಾಟಲಿಯಲ್ಲಿ, ಗಟ್ಟಾಪರ್ಚಾ ಅನ್ನೋ ಮರದ ಅಂಟಿನಿಂದ ಮಾಡಿದ ಬಾಟಲಿಯಲ್ಲಿ ಇಡ್ತಿದ್ರು. ಇದರಿಂದ ಫ್ಲೋರಿನ್ ಬೇರ್ಪಡಿಸೋಕೆ ಹೋದವರಲ್ಲಿ ಬೆಲ್ಜಿಯಂನ ಲೂಯೆ, ಫ್ರಾನ್ಸ್‌ನ ನಿಕ್ಲೆ ಪ್ರಾಣ ಕಳಕೊಂಡರು. ಕೊನೆಗೆ 1886ರಲ್ಲಿ ಹೆನ್ರಿ ಮ್ವಾಸಾನ್ ಗೆದ್ದಿದ್ದು ಪ್ಲಾಟಿನಂ ಉಪಕರಣ ಬಳಸಿ.

ಅಷ್ಟು ದುಬಾರಿ ಪಾತ್ರೆ ಎಲ್ಲರಿಗೂ ಎಲ್ಲಿ ಸಿಗುತ್ತೆ? ಉತ್ತರ ಬಂದಿದ್ದು ಬೇರೆ ಕಡೆಯಿಂದ. 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ, ಐಸಿಐ ಕಂಪನಿಯ ಲ್ಯಾಬಿನಲ್ಲಿ ಆಕಸ್ಮಿಕವಾಗಿ ಸಿಕ್ಕ ಪಾಲಿಥೀನ್. ನಾವು ಬೈಯೋ ಅದೇ ಪ್ಲಾಸ್ಟಿಕ್ ಇವತ್ತು ಈ ಆಮ್ಲದ ಬಾಟಲಿ.

(5/11) ಹೆಸರಿಲ್ಲದ ಪೆಟ್ಟಿಗೆ
ಎರಡನೇ ಪ್ರಶ್ನೆ: ಹೆಸರು ಬರೆದಿದೆಯಾ?

1847ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಸ್ಕಾನಿಯೊ ಸೊಬ್ರೆರೊ ನೈಟ್ರೋಗ್ಲಿಸರಿನ್ ತಯಾರಿಸಿದ. ಸ್ಫೋಟವೊಂದರಲ್ಲಿ ಅವನ ಮುಖಕ್ಕೇ ಗಾಯ ಆಯ್ತು. ಇದು ಬಳಸೋಕೆ ಯೋಗ್ಯವಾದ ವಸ್ತು ಅಲ್ಲ ಅಂತಲೇ ಅವನ ಅಭಿಪ್ರಾಯ. ಆದ್ರೆ ಆಲ್‌ಫ್ರೆಡ್ ನೊಬೆಲ್ ಅದನ್ನ ವ್ಯಾಪಾರಕ್ಕೆ ತಂದ. 1864ರ ಸೆಪ್ಟೆಂಬರ್ 3, ಸ್ಟಾಕ್‌ಹೋಮ್‌ನ ಹೆಲೆನೆಬೋರಿಯಲ್ಲಿದ್ದ ಅವರ ಶೆಡ್ ಸ್ಫೋಟಗೊಂಡು, ತಮ್ಮ ಎಮಿಲ್ ಸೇರಿ ಐದು ಜನ ಸತ್ತರು. ಆದ್ರೂ ವ್ಯಾಪಾರ ನಿಲ್ಲಲಿಲ್ಲ, ಗಣಿಗಳಿಗೆ, ರೈಲ್ವೆ ಸುರಂಗಗಳಿಗೆ ಅಷ್ಟು ಬೇಡಿಕೆ.

ಏಪ್ರಿಲ್ 1866, ಸ್ಯಾನ್ ಫ್ರಾನ್ಸಿಸ್ಕೊ. ನ್ಯೂಯಾರ್ಕ್‌ನಿಂದ ಪನಾಮಾ ದಾರಿಯಲ್ಲಿ ಬಂದ ಒಂದು ಮರದ ಪೆಟ್ಟಿಗೆಯಿಂದ ಎಣ್ಣೆಯಂಥದ್ದೇನೋ ಸೋರ್ತಾ ಇತ್ತು. ಒಳಗೇನಿದೆ ಅಂತ ಪೆಟ್ಟಿಗೆ ಮೇಲೆ ಬರೆದಿರಲಿಲ್ಲ. ವೆಲ್ಸ್ ಫಾರ್ಗೊ ಸಾಗಣೆ ಕಂಪನಿಯ ಕಚೇರಿಯಲ್ಲಿ "ಏನು ಒಡೆದಿದೆ ನೋಡೋಣ" ಅಂತ ಸುತ್ತಿಗೆ, ಉಳಿ ತಗೊಂಡು ತೆರೆಯೋಕೆ ಹೋದರು. ಒಳಗಿದ್ದದ್ದು ನೈಟ್ರೋಗ್ಲಿಸರಿನ್. ಕಟ್ಟಡ ಹಾರಿಹೋಯ್ತು, ಹತ್ತಕ್ಕೂ ಹೆಚ್ಚು ಜನ ಸತ್ತರು.

ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಪೆಟ್ಟಿಗೆಯಲ್ಲಿ ಏನಿದೆ ಅಂತ ಸಾಗಿಸುವವರಿಗೆ ಗೊತ್ತಿರಲಿಲ್ಲ, ಅನುಮಾನ ಪಡೋಕೂ ಕಾರಣ ಇರಲಿಲ್ಲ, ಹಾಗಾಗಿ ಅವರದ್ದು ನಿರ್ಲಕ್ಷ್ಯ ಅಲ್ಲ ಅಂತ 1872ರಲ್ಲಿ ತೀರ್ಪು. ಯೋಚಿಸಿ ನೋಡಿ. ಸುತ್ತಿಗೆ ಹೊಡೆದವನ ತಪ್ಪೂ ಇಲ್ಲ. ತಪ್ಪೆಲ್ಲ ಆ ಖಾಲಿ ಮರದ ಹಲಗೆಯಲ್ಲೇ ಇತ್ತು.

ಸ್ಫೋಟ ಆದ ಮೂರೇ ತಿಂಗಳಲ್ಲಿ, ಜುಲೈ 1866ರಲ್ಲಿ ಅಮೆರಿಕ ಕಾನೂನು ಮಾಡಿತು: ನೈಟ್ರೋಗ್ಲಿಸರಿನ್ ಅನ್ನ ಬೇರೆ ಯಾವ ವಸ್ತುವಿನ ಜೊತೆಯೂ ಇಡಬಾರದು, ಲೋಹದ ಡಬ್ಬದಲ್ಲಿ ಹಾಕಿ ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಂಥದ್ದು ತುಂಬಬೇಕು, ಹೊರಗೆ ಎದ್ದು ಕಾಣೋ ಹಾಗೆ ಹೆಸರು ಮತ್ತು "ಅಪಾಯ" ಅಂತ ಬರೆಯಬೇಕು. ಮರುವರ್ಷ ನೊಬೆಲ್ ಅದೇ ದ್ರವವನ್ನ ಕೀಸೆಲ್‌ಗುರ್ ಅನ್ನೋ ಮಣ್ಣಿಗೆ ಹೀರಿಸಿ ಡೈನಮೈಟ್ ಮಾಡಿದ.

(6/11) ಪಕ್ಕದಲ್ಲಿ ಯಾರು?
ಮೂರನೇ ಪ್ರಶ್ನೆಗೆ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿಗೆ ಹೋಗಬೇಕು. ಹೋಗೋಕೆ ಮುಂಚೆ ಪಿಕ್ರಿಕ್ ಆಮ್ಲದ ಪರಿಚಯ.

ಹಳದಿ ಹರಳು. 18ನೇ ಶತಮಾನದಲ್ಲೇ ಗೊತ್ತಿತ್ತು, ರೇಷ್ಮೆಗೆ ಹಳದಿ ಬಣ್ಣ ಹಾಕೋಕೆ ಬಳಸ್ತಿದ್ರು. ಅದು ಭಯಂಕರ ಸ್ಫೋಟಕ ಕೂಡ ಅನ್ನೋದು ಎಷ್ಟೋ ತಡವಾಗಿ ಅರ್ಥ ಆಯ್ತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಅದನ್ನ ಟನ್‌ಗಟ್ಟಲೆ ತಯಾರಿಸ್ತಿದ್ರು.

1917ರ ಡಿಸೆಂಬರ್ 6ರ ಬೆಳಿಗ್ಗೆ. ಫ್ರಾನ್ಸ್‌ನ ಮಾಂಟ್-ಬ್ಲಾಂಕ್ ಹಡಗಿನ ಹೊಟ್ಟೆಯಲ್ಲಿ ಸಾವಿರಾರು ಟನ್ ಸ್ಫೋಟಕ, ಹೆಚ್ಚಿನದು ಪಿಕ್ರಿಕ್ ಆಮ್ಲ, ಜೊತೆಗೆ ಟಿಎನ್‌ಟಿ. ಅದರ ಮೇಲೆ, ಡೆಕ್‌ನಲ್ಲಿ, ಬೆಂಜಾಲ್ ಅನ್ನೋ ಬೇಗ ಹೊತ್ತಿಕೊಳ್ಳುವ ಇಂಧನದ ಪೀಪಾಯಿಗಳು. ಅಂದ್ರೆ ಸೌದೆ ಮೇಲೆ ಸೀಮೆಎಣ್ಣೆ ಇಟ್ಟ ಹಾಗೆ. ನಾರ್ವೆಯ ಇಮೊ ಹಡಗು ಬಂದು ಡಿಕ್ಕಿ ಹೊಡೆಯಿತು. ಡಿಕ್ಕಿ ಜೋರಾಗೇನೂ ಇರಲಿಲ್ಲ. ಆದ್ರೆ ಪೀಪಾಯಿ ಒಡೆದು ಬೆಂಜಾಲ್ ಚೆಲ್ಲಿತು, ಕಿಡಿ ತಾಗಿ ಹೊತ್ತಿಕೊಂಡಿತು. ಸುಮಾರು 20 ನಿಮಿಷ ಹಡಗು ಉರಿಯಿತು. ಒಳಗೇನಿದೆ ಅಂತ ಊರಿನವರಿಗೆ ಗೊತ್ತಿಲ್ಲ (ನೋಡಿ, ಮತ್ತೆ ಅದೇ ಎರಡನೇ ಪ್ರಶ್ನೆ). ಜನ ಕಿಟಕಿ ಹತ್ರ ನಿಂತು, ದಡಕ್ಕೆ ಬಂದು ನೋಡ್ತಾ ಇದ್ದರು. ಶಾಲೆಗೆ ಹೊರಟ ಮಕ್ಕಳೂ ಇದ್ದರು.

ಆಮೇಲೆ ಹಡಗು ಸ್ಫೋಟಿಸಿತು. ಸತ್ತವರು ಸುಮಾರು 1,800. ಗಾಯಗೊಂಡವರು ಸುಮಾರು 9,000. ಕಿಟಕಿ ಗಾಜಿನ ಚೂರು ಕಣ್ಣಿಗೆ ಹೊಕ್ಕು ದೃಷ್ಟಿ ಕಳಕೊಂಡವರು ಎಷ್ಟೋ ಜನ.

ಪಿಕ್ರಿಕ್ ಆಮ್ಲ ಒಂದೇ ಇದ್ದಿದ್ರೆ ಆ ಸಣ್ಣ ಡಿಕ್ಕಿಗೆ ಇಷ್ಟು ದೊಡ್ಡ ಸಾವು ಆಗ್ತಿತ್ತಾ? ಬೆಂಜಾಲ್ ಒಂದೇ ಇದ್ದಿದ್ರೆ ಹಡಗು ಸುಡ್ತಿತ್ತು, ಊರು ಉಳೀತಿತ್ತು. ಎರಡನ್ನೂ ಒಂದೇ ಹಡಗಲ್ಲಿ ಇಟ್ಟಿದ್ದು ಯುದ್ಧದ ಅವಸರ.

(7/11) ಅ, ಆ, ಇ, ಈ ಕ್ರಮದ ಮೋಸ
ಈಗ ಹಡಗಿನಿಂದ ಇಳಿದು ನಮ್ಮ ಕಪಾಟಿಗೆ ಬರೋಣ. ಲೈಬ್ರರಿ ಪುಸ್ತಕದ ಹಾಗೆ ಬಾಟಲಿಗಳನ್ನೂ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸೋದು ಎಷ್ಟು ಸಲೀಸು ಅಲ್ವಾ? ಹುಡುಕೋಕೂ ಸುಲಭ. ಆದ್ರೆ ಅಕ್ಷರಕ್ಕೆ ರಸಾಯನಶಾಸ್ತ್ರ ಗೊತ್ತಿಲ್ಲ.

'ಎಸ್' ಸಾಲಲ್ಲಿ ಸೋಡಿಯಂ ಸಯನೈಡ್ ಮತ್ತು ಸಲ್ಫ್ಯೂರಿಕ್ ಆಮ್ಲ ನೆರೆಹೊರೆ. ಎರಡೂ ಒಡೆದು ಸೇರಿದ್ರೆ ಹೈಡ್ರೋಜನ್ ಸಯನೈಡ್ ಅನ್ನೋ ಮಾರಕ ಅನಿಲ. 'ಎ' ಸಾಲಲ್ಲಿ ಅಲ್ಯೂಮಿನಿಯಂ ಪುಡಿ, ಅಮೋನಿಯಂ ನೈಟ್ರೇಟ್. ಒಂದು ಇಂಧನ, ಇನ್ನೊಂದು ಆಕ್ಸಿಡೈಸರ್. ಶೆಲ್ಫ್ ಮುರಿಯೋಕೆ ಭೂಕಂಪವೇ ಬೇಕಿಲ್ಲ, ತುಕ್ಕು ಹಿಡಿದ ಒಂದು ಮೊಳೆ ಸಾಕು.

ಇನ್ನೊಂದು ಮೋಸ ಇದೆ. "ಆಸಿಡ್‌ಗಳೆಲ್ಲ ಒಂದೇ ಕಪಾಟಿಗೆ" ಅನ್ನೋದು. ನೈಟ್ರಿಕ್ ಆಮ್ಲ ಪ್ರಬಲ ಆಕ್ಸಿಡೈಸರ್. ಅಸಿಟಿಕ್ ಆಮ್ಲ ಸಾವಯವ, ಬೆಂಕಿ ಹಿಡಿಯುವಂಥದ್ದು. ಹೆಸರಲ್ಲಿ ಇಬ್ಬರೂ ಆಮ್ಲ, ಆದ್ರೆ ಒಟ್ಟಿಗೆ ಇರಬಾರದ ಜೋಡಿ. ಅದೇ ರೀತಿ ವೇಸ್ಟ್ ಬಾಟಲಿ. ನೈಟ್ರಿಕ್ ಆಮ್ಲದ ಉಳಿಕೆಗೆ ಯಾರೋ ಅಸಿಟೋನ್ ಅಥವಾ ಆಲ್ಕೊಹಾಲ್ ಸುರಿದು ಮುಚ್ಚಳ ಬಿಗಿದು ಹೋದ್ರೆ, ಒಳಗೆ ಅನಿಲ ಹುಟ್ಟಿ ಒತ್ತಡ ಏರ್ತಾ ಹೋಗುತ್ತೆ. ಯಾರೂ ಇಲ್ಲದ ಹೊತ್ತಲ್ಲಿ ಬಾಟಲಿ ಸಿಡಿಯುತ್ತೆ. ಬೇಸಿನ್ ಪಕ್ಕದ ವೇಸ್ಟ್ ಬಾಟಲಿ ಕಸದ ಬುಟ್ಟಿ ಅಲ್ಲ, ಅದೂ ಒಂದು ಸಂಗ್ರಹವೇ.

ಯಾವುದು ಯಾವುದರ ಜೊತೆ ಆಗಲ್ಲ ಅನ್ನೋದು ಎಷ್ಟೋ ಕಾಲ ಹಳೇ ಪತ್ರಿಕೆಗಳಲ್ಲಿ, ಹಿರಿಯರ ನೆನಪಲ್ಲಿ ಚದುರಿಹೋಗಿತ್ತು. ಬ್ರಿಟನ್ನಿನ ಲೆಸ್ಲಿ ಬ್ರೆಥರಿಕ್ ಅನ್ನೋ ರಸಾಯನಶಾಸ್ತ್ರಜ್ಞ ಅದನ್ನೆಲ್ಲ ಹುಡುಕಿ ಒಟ್ಟುಮಾಡಿ 1975ರಲ್ಲಿ ಒಂದು ಕೈಪಿಡಿ ತಂದರು. ಇವತ್ತಿಗೂ ಹೊಸ ಆವೃತ್ತಿಗಳು ಬರ್ತಿವೆ. 2003ರಲ್ಲಿ ವಿಶ್ವಸಂಸ್ಥೆ ಇಡೀ ಜಗತ್ತಿಗೆ ಒಂದೇ ಥರದ ಚಿಹ್ನೆಗಳನ್ನ ಪ್ರಕಟಿಸಿತು. ಕೆಂಪು ಅಂಚಿನ ವಜ್ರಾಕಾರದೊಳಗೆ ಬರೀ ಜ್ವಾಲೆ ಇದ್ರೆ ಅದು ಹೊತ್ತಿಕೊಳ್ಳೋದು. ವೃತ್ತದ ಮೇಲೆ ಜ್ವಾಲೆ ಇದ್ರೆ ಅದು ಆಕ್ಸಿಡೈಸರ್, ಹೊತ್ತಿಸೋದು. ಈ ಎರಡನ್ನ ಗುರುತಿಸೋಕೆ ಬಂದ್ರೆ ಅರ್ಧ ಕಪಾಟು ಓದೋಕೆ ಬಂದ ಹಾಗೆ.

(8/11) ದಿನಾಂಕ ಬರೀರಿ
ನಾಲ್ಕನೇ ಪ್ರಶ್ನೆ: ಎಷ್ಟು ದಿನ? ಇದೇ ಎಲ್ಲಕ್ಕಿಂತ ಕಳ್ಳ. ಬಾಟಲಿ ಅದೇ, ಲೇಬಲ್ ಅದೇ, ಆದ್ರೆ ಒಳಗಿರೋದು ಈಗ ಬೇರೆ.

ಈಥರ್ ತಗೊಳ್ಳಿ. 1846ರಲ್ಲಿ ಬಾಸ್ಟನ್‌ನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಅರಿವಳಿಕೆಯಾಗಿ ಬಳಸಿ ತೋರಿಸಿ ಜಗತ್ತಿನ ನೋವು ಕಡಿಮೆ ಮಾಡಿದ ವಸ್ತು. ಆದ್ರೆ ಮುಚ್ಚಳ ತೆರೆದು ಮತ್ತೆ ಮುಚ್ಚಿಟ್ರೆ, ಒಳಗೆ ಸೇರಿದ ಗಾಳಿಯ ಆಕ್ಸಿಜನ್ ಜೊತೆ ನಿಧಾನಕ್ಕೆ ವರ್ತಿಸಿ ಪೆರಾಕ್ಸೈಡ್ ಆಗ್ತಾ ಹೋಗುತ್ತೆ. ತಿಂಗಳುಗಟ್ಟಲೆ ಬಿಟ್ರೆ ಮುಚ್ಚಳದ ಸುತ್ತ ಹರಳು ಕಟ್ಟಬಹುದು. ಆಗ ಮುಚ್ಚಳ ತಿರುಗಿಸೋ ಘರ್ಷಣೆಯೇ ಸ್ಫೋಟಕ್ಕೆ ಸಾಕು.

ಪಿಕ್ರಿಕ್ ಆಮ್ಲ ನೆನಪಿದೆಯಾ? ಅದನ್ನ ನೀರು ಸೇರಿಸಿ ಒದ್ದೆಯಾಗಿ ಇಟ್ಟರೆ ಸೌಮ್ಯ. ಜೀವಶಾಸ್ತ್ರದ ಲ್ಯಾಬಲ್ಲಿ ಅಂಗಾಂಶ ಕೆಡದಂತೆ ಇಡೋ ದ್ರಾವಣದಲ್ಲಿ, ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಇವತ್ತಿಗೂ ಬಳಸ್ತಾರೆ. ಆದ್ರೆ ಮರೆತ ಬಾಟಲಿಯಲ್ಲಿ ನೀರು ಆರಿಹೋದ್ರೆ? ಉಳಿಯೋದು 1917ರ ಹಡಗಿನಲ್ಲಿದ್ದ ಅದೇ ವಸ್ತು. ಪೊಟ್ಯಾಸಿಯಂ ಕೂಡ ಹಾಗೇ. ಎಣ್ಣೆಯೊಳಗಿದ್ರೂ ವರ್ಷಗಳಾದ ಮೇಲೆ ಅದರ ಮೇಲೆ ಹಳದಿ ಸೂಪರಾಕ್ಸೈಡ್ ಪೊರೆ ಬೆಳೆಯಬಹುದು, ಅಂಥ ತುಂಡನ್ನ ಚಾಕುವಿನಿಂದ ಕತ್ತರಿಸೋಕೆ ಹೋದ್ರೆ ಸಿಡಿಯಬಹುದು. ಡೇವಿಯ ಉಪಾಯಕ್ಕೂ ಒಂದು ವಾಯಿದೆ ಇದೆ.

ಇದೇ ಮರೆವಿನ ದೊಡ್ಡ ರೂಪ ಬೈರೂತ್. ರೋಸಸ್ ಹಡಗು 2013ರಲ್ಲಿ ತಂದ 2,750 ಟನ್ ಅಮೋನಿಯಂ ನೈಟ್ರೇಟ್, ಬಂದರಿನ 12ನೇ ಗೋದಾಮಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಕಸ್ಟಮ್ಸ್ ಅಧಿಕಾರಿಗಳು ಪತ್ರದ ಮೇಲೆ ಪತ್ರ ಬರೆದರು. ಅದೇನು ಅಂತ ಗೊತ್ತಿತ್ತು, ಎಲ್ಲಿದೆ ಅಂತಲೂ ಗೊತ್ತಿತ್ತು. 2020ರ ಆಗಸ್ಟ್ 4ರಂದು ಬೆಂಕಿ ಬಿತ್ತು. 200ಕ್ಕೂ ಹೆಚ್ಚು ಜನ ಸತ್ತರು. ಆ ವೀಡಿಯೊಗಳನ್ನ ನಾವೆಲ್ಲ ಇದೇ ಫೋನಲ್ಲಿ ನೋಡಿದ್ವಿ.

(9/11) ಇಡಲೇಬಾರದ್ದು
ಕೆಲವು ವಸ್ತುಗಳಿಗೆ ಸರಿಯಾದ ಬಾಟಲಿಯೇ ಇಲ್ಲ. ಅವನ್ನ ಇಡೋದೇ ತಪ್ಪು.

1811ರಲ್ಲಿ ಫ್ರಾನ್ಸ್‌ನ ಡ್ಯುಲಾಂಗ್ ನೈಟ್ರೋಜನ್ ಟ್ರೈಕ್ಲೋರೈಡ್ ಅನ್ನೋ ಎಣ್ಣೆಯಂಥ ದ್ರವ ಕಂಡುಹಿಡಿದ. ಅದು ಅವನ ಒಂದು ಕಣ್ಣನ್ನ ಕಿತ್ತುಕೊಂಡಿತು, ಕೈಯನ್ನೂ ಗಾಯ ಮಾಡಿತು. ಆ ಸುದ್ದಿ ವಿಜ್ಞಾನಿ ಆಂಪಿಯರ್‌ನ ಪತ್ರದ ಮೂಲಕ ಡೇವಿಗೆ ತಲುಪಿತು. ಡೇವಿ ಸುಮ್ಮನಿರ್ತಾನಾ? 1812ರಲ್ಲಿ ತಾನೂ ಮಾಡಿ ನೋಡಿದ. ಸ್ಫೋಟ! ಕಣ್ಣಿಗೆ ಪೆಟ್ಟು. ಕೆಲವು ದಿನ ಓದೋಕೆ ಬರೆಯೋಕೆ ಆಗಲಿಲ್ಲ. ಟಿಪ್ಪಣಿ ಬರೆದುಕೊಳ್ಳೋಕೆ ಒಬ್ಬ ಹುಡುಗ ಬೇಕಾಯ್ತು. ಪುಸ್ತಕ ಬೈಂಡಿಂಗ್ ಕೆಲಸ ಮಾಡ್ತಿದ್ದ, ಡೇವಿಯ ಉಪನ್ಯಾಸಗಳನ್ನ ಕೇಳಿ ನೀಟಾಗಿ ನೋಟ್ಸ್ ಮಾಡಿದ್ದ ಒಬ್ಬ ಯುವಕನನ್ನ ಕರೆಸಿಕೊಂಡ. ಅವನ ಹೆಸರು ಮೈಕೆಲ್ ಫ್ಯಾರಡೆ. 1813ರಲ್ಲಿ ಅಲ್ಲೇ ಸಹಾಯಕನ ಕೆಲಸ ಸಿಕ್ತು. ಮುಂದಿನದ್ದು ನಮ್ಮ ಭೌತಶಾಸ್ತ್ರ ಪುಸ್ತಕ.

ಇದು ದೂರದ ಕಥೆ ಅನ್ಸಿದ್ರೆ ಪಿಯುಸಿ ಲ್ಯಾಬಿನ ಸಿಲ್ವರ್ ಮಿರರ್ ಟೆಸ್ಟ್ ನೆನಪು ಮಾಡ್ಕೊಳ್ಳಿ. ಆಲ್ಡಿಹೈಡ್ ಇದ್ರೆ ಟೆಸ್ಟ್ ಟ್ಯೂಬ್ ಒಳಗೆ ಕನ್ನಡಿ ಮೂಡುತ್ತೆ, ನಾವು ಫೋಟೊ ತೆಗೆದು ಸ್ಟೋರಿ ಹಾಕ್ತೀವಿ. ಅದಕ್ಕೆ ಬಳಸೋ ಟಾಲೆನ್ಸ್ ರೀಏಜೆಂಟನ್ನ ಆಗಾಗಲೇ ತಯಾರಿಸಿ ಅಂತ ಮ್ಯಾನ್ಯುಯಲ್ ಹೇಳುತ್ತೆ. ಹಳೆಯದಾದ್ರೆ ಟೆಸ್ಟ್ ಸರಿ ಬರಲ್ಲ ಅಂತಷ್ಟೇ ಅನ್ಕೊಂಡಿರ್ತೀವಿ. ನಿಜ ಕಾರಣ ಬೇರೆಯೂ ಇದೆ. ಅದನ್ನ ಹಾಗೇ ಬಿಟ್ರೆ ಸಿಲ್ವರ್ ನೈಟ್ರೈಡ್‌ನಂಥ ಸ್ಫೋಟಕ ಹುಟ್ಟಬಹುದು, ಅದು ಸಣ್ಣ ಅಲುಗಾಟಕ್ಕೂ ಸಿಡಿಯುವಂಥದ್ದು. ಹಾಗಾಗಿ "ನಾಳೆ ಬ್ಯಾಚ್‌ಗೆ ಇರಲಿ" ಅಂತ ಎತ್ತಿಡೋ ಹಾಗಿಲ್ಲ. ಬೇಕಾದಷ್ಟೇ ಮಾಡಿ, ಅದೇ ದಿನ ಮೇಡಂ ಅಥವಾ ಸರ್ ಹೇಳಿದ ಹಾಗೆ ವಿಲೇವಾರಿ ಮಾಡಬೇಕು.

(10/11) ಟ್ಯಾಂಕ್ 610
ಐದನೇ ಪ್ರಶ್ನೆಯನ್ನ ಕೇಳದೆ ಹೋದ್ರೆ ಏನಾಗುತ್ತೆ ಅನ್ನೋದನ್ನ ಭೋಪಾಲ್‌ಗಿಂತ ಚೆನ್ನಾಗಿ ಯಾವ ಊರೂ ಹೇಳಲಾರದು.

ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಕಾರ್ಬರಿಲ್ ಅನ್ನೋ ಕೀಟನಾಶಕ ತಯಾರಾಗ್ತಿತ್ತು. ಅದರ ನಡುವಿನ ಹಂತದ ವಸ್ತು ಮೀಥೈಲ್ ಐಸೊಸಯನೇಟ್, ಎಂಐಸಿ. ಸುಮಾರು 39 ಡಿಗ್ರಿಗೇ ಕುದಿಯುತ್ತೆ, ನೀರು ಸೇರಿದ್ರೆ ಬಿಸಿಯೇರ್ತಾ ತೀವ್ರವಾಗಿ ವರ್ತಿಸುತ್ತೆ. ಅದನ್ನ 0 ಡಿಗ್ರಿ ಆಸುಪಾಸಲ್ಲಿ ತಂಪಾಗಿ ಇಡಬೇಕಿತ್ತು. ಆದ್ರೆ ಶೀತಲೀಕರಣ ಘಟಕವನ್ನ 1984ರ ಜೂನ್‌ನಲ್ಲೇ ನಿಲ್ಲಿಸಿದ್ದರು. ಹೊರಬಂದ ಅನಿಲವನ್ನ ಸುಡಬೇಕಿದ್ದ ಗೋಪುರದ ಪೈಪ್ ರಿಪೇರಿಗೆ ಅಂತ ಬಿಚ್ಚಿತ್ತು. ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ 1982ರಿಂದಲೇ ಎಚ್ಚರಿಕೆ ಕೊಟ್ಟು ಬರೀತಾ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಿಸೆಂಬರ್ 2ರ ರಾತ್ರಿ ಟ್ಯಾಂಕ್ 610ರೊಳಗೆ ನೀರು ಸೇರಿತು. ಅದು ಹೇಗೆ ಸೇರಿತು ಅನ್ನೋದರ ಬಗ್ಗೆ ಕಂಪನಿಯ ವಾದವೇ ಬೇರೆ, ಉಳಿದವರದ್ದೇ ಬೇರೆ. ಟ್ಯಾಂಕಲ್ಲಿ ಸುಮಾರು 42 ಟನ್ ಎಂಐಸಿ ಇತ್ತು ಅನ್ನೋದರಲ್ಲಿ ಮಾತ್ರ ಜಗಳ ಇಲ್ಲ. ಮಲಗಿದ್ದ ಊರಿನ ಮೇಲೆ ಅನಿಲ ಹರಡಿತು. ಸರ್ಕಾರಿ ಲೆಕ್ಕದಲ್ಲೇ ಸಾವಿರಾರು ಜನ ಸತ್ತರು. ಬದುಕುಳಿದವರ ಕಣ್ಣು, ಶ್ವಾಸಕೋಶ ಇವತ್ತಿಗೂ ಆ ರಾತ್ರಿಯನ್ನ ಹೊತ್ತಿವೆ.

ಇಲ್ಲಿ ನಿಂತು ಕೇಳಿ: ಆ 42 ಟನ್ ಅಲ್ಲಿ ಯಾಕಿರಬೇಕಿತ್ತು? ಎಂಐಸಿ ಅಂತಿಮ ಉತ್ಪನ್ನ ಅಲ್ಲ, ಯಾರೂ ಅದನ್ನ ಹೊಲಕ್ಕೆ ಹಾಕಲ್ಲ. ಅದು ಇಲ್ಲದೆಯೂ ಕಾರ್ಬರಿಲ್ ಮಾಡೋ ದಾರಿ ಇತ್ತು. ತಯಾರಾದ ತಕ್ಷಣ ಮುಂದಿನ ಹಂತಕ್ಕೆ ಬಳಸಿಬಿಡೋ ದಾರಿಯನ್ನ ಅಮೆರಿಕದ ಡ್ಯೂಪಾಂಟ್ ದುರಂತದ ನಂತರ ಮಾಡಿ ತೋರಿಸಿತು. ಬ್ರಿಟನ್ನಿನ ಸುರಕ್ಷತಾ ತಜ್ಞ ಟ್ರೆವರ್ ಕ್ಲೆಟ್ಜ್ 1970ರ ದಶಕದಿಂದಲೇ ಇದನ್ನ ಹೇಳ್ತಾ ಬಂದಿದ್ದರು: ಸುರಕ್ಷಿತವಾಗಿ ಇಡೋದು ಹೇಗೆ ಅಂತ ಕೇಳೋ ಮುಂಚೆ, ಕಡಿಮೆ ಇಡೋಕೆ ಆಗುತ್ತಾ, ಇಡದೇ ಇರೋಕೆ ಆಗುತ್ತಾ ಅಂತ ಕೇಳಿ.

ಭೋಪಾಲ್ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಬಂದವು. "ಸಂಗ್ರಹ" ಅನ್ನೋ ಪದ ಕಾನೂನಿನ ಹೆಸರಿನಲ್ಲೇ ಸೇರಿತು. ಅದಕ್ಕೆ ನಮ್ಮ ದೇಶ ಕೊಟ್ಟ ಬೆಲೆ ಗೊತ್ತಾಯ್ತಲ್ಲ.

(11/11) ನಾಳೆ ಲ್ಯಾಬಿಗೆ ಹೋದಾಗ
ಹೆದರಿಸೋಕೆ ಬರೆದಿದ್ದಲ್ಲ. ಕೆಮಿಸ್ಟ್ರಿ ನನಗೆ ತುಂಬಾ ಇಷ್ಟ, ನಮ್ಮಲ್ಲಿ ಎಷ್ಟೋ ಜನ ಮುಂದೆ ಬಿಎಸ್ಸಿ, ಫಾರ್ಮಸಿ, ಎಂಜಿನಿಯರಿಂಗ್ ಅಂತ ಇದೇ ಬಾಟಲಿಗಳ ನಡುವೆ ಕೆಲಸ ಮಾಡೋರು. ಅಲ್ಲಿ ನಮ್ಮ ಜೊತೆ ಲ್ಯಾಬ್ ಅಟೆಂಡರ್ ಅಣ್ಣ ಇರ್ತಾರೆ. ರಜೆಯಲ್ಲೂ ಕಪಾಟು ಒರೆಸೋದು, ಬಾಟಲಿ ಎತ್ತಿಡೋದು ಅವರೇ. ಲೇಬಲ್ ಇಲ್ಲದ ಬಾಟಲಿ ನಾವು ಬಿಟ್ಟು ಹೋದ್ರೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುತ್ತಿಗೆ ಹಿಡಿದು ನಿಂತವನ ಜಾಗದಲ್ಲಿ ಅವರು ನಿಂತಿರ್ತಾರೆ.

ಹಾಗಾಗಿ ಇಷ್ಟು ಮಾಡೋಣ:

ದ್ರಾವಣ ಮಾಡಿದ್ರೆ ಪೂರ್ತಿ ಹೆಸರು, ಸಾಂದ್ರತೆ, ದಿನಾಂಕ ಬರೆಯೋಣ. ಬರೀ "ದ್ರಾವಣ ಎ" ಅಂತ ಬಿಡೋದು ಬೇಡ.

ಹೊಸ ಬಾಟಲಿ ತೆರೆದ ದಿನ ಅದರ ಮೇಲೆ ಆ ದಿನಾಂಕ ಹಾಕಿ ಅಂತ ಮೇಡಂಗೆ ನೆನಪಿಸೋಣ.

ವೇಸ್ಟ್ ಬಾಟಲಿಗೆ ಸುರಿಯೋ ಮುಂಚೆ ಅದರಲ್ಲಿ ಈಗಾಗಲೇ ಏನಿದೆ ಅಂತ ಕೇಳೋಣ.

ಆಕ್ಸಿಡೈಸರ್ ಮತ್ತು ಹೊತ್ತಿಕೊಳ್ಳೋ ವಸ್ತು ಅಕ್ಕಪಕ್ಕ ಕಂಡ್ರೆ, ಸೋಡಿಯಂ ಬಾಟಲಿಯ ಎಣ್ಣೆ ಕಡಿಮೆಯಾಗಿ ಲೋಹ ಮೇಲೆ ಕಂಡ್ರೆ ತಕ್ಷಣ ಹೇಳೋಣ.

ತುಂಬಾ ಹಳೇ ಬಾಟಲಿ, ಮುಚ್ಚಳದ ಸುತ್ತ ಹರಳು, ಒಣಗಿದ ಹಳದಿ ಪುಡಿ, ಇವನ್ನ ಮುಟ್ಟಬೇಡಿ, ಅಲ್ಲಾಡಿಸಬೇಡಿ, ತೆರೆದು ನೋಡಬೇಡಿ, ರೀಲ್ಸ್‌ಗೆ ಅಂತೂ ಬೇಡವೇ ಬೇಡ. ದೂರ ಸರಿದು ಅಧ್ಯಾಪಕರನ್ನ ಕರೀರಿ. ಅದನ್ನ ತೆಗೆಯೋಕೆ ತರಬೇತಿ ಆದವರು ಇರ್ತಾರೆ.

ಕೇಳೋಕೆ ಸಂಕೋಚ ಬೇಡ. "ಇದು ಇಲ್ಲಿ ಯಾಕಿದೆ ಮೇಡಂ?" ಅಂತ ಕೇಳಿದ್ರೆ ಯಾರೂ ದಡ್ಡ ಅನ್ನಲ್ಲ. ಬೈರೂತ್‌ನಲ್ಲೂ ಭೋಪಾಲ್‌ನಲ್ಲೂ ಆ ಪ್ರಶ್ನೆ ಕೇಳಿದವರು ಇದ್ದರು, ಅವರಿಗೆ ಉತ್ತರ ಕೊಡೋರು ಇರಲಿಲ್ಲ.

ನಿಮ್ಮ ಲ್ಯಾಬ್ ಕಪಾಟನ್ನ ಯಾವ ಕ್ರಮದಲ್ಲಿ ಜೋಡಿಸಿದ್ದಾರೆ? ಅಕ್ಷರಕ್ರಮವಾ, ಗುಂಪಾ? ನೋಡಿಕೊಂಡು ಬಂದು ಕಾಮೆಂಟಲ್ಲಿ ಹೇಳಿ. ಕಾಲೇಜಿನ ಹೆಸರು ಬೇಡ. ಸೇವ್ ಮಾಡಿಟ್ಕೊಳ್ಳಿ, ಪ್ರಾಕ್ಟಿಕಲ್ ಬ್ಯಾಚ್ ಗ್ರೂಪಿಗೆ ಶೇರ್ ಮಾಡಿ.

#ಕನ್ನಡದಲ್ಲಿವಿಜ್ಞಾನ #ರಸಾಯನಶಾಸ್ತ್ರ #ವಿಜ್ಞಾನದಇತಿಹಾಸ #ಲ್ಯಾಬ್‌ಸುರಕ್ಷತೆ #ಪಿಯುಸಿ #ಭೋಪಾಲ್